ಒಂದು ಎಚ್‌ಪಿ ಪಂಪು ಮತ್ತು ಎರಡೂವರೆ ಕೆವಿಎ ಜನರೇಟರು: ನಮ್ಮ ಮನೆಯಲ್ಲಿ ಮಾಡಿದ ಲೆಕ್ಕ

ಏಪ್ರಿಲ್ ತಿಂಗಳ ಒಂದು ಸಂಜೆ ಐದು ಗಂಟೆಗೆ ಎದ್ದ ಗಾಳಿಮಳೆಗೆ ನಮ್ಮ ಬೀದಿಯ ತಿರುವಿನಲ್ಲಿದ್ದ ಗುಲ್‌ಮೊಹರ್ ಮರದ ದೊಡ್ಡ ಕೊಂಬೆಯೊಂದು ಮುರಿದು ವಿದ್ಯುತ್ ತಂತಿಯ ಮೇಲೆ ಬಿತ್ತು. ಸಿಬ್ಬಂದಿ ಮಳೆಯಲ್ಲೇ ನೆನೆದು ಕೆಲಸ ಮಾಡಿದರೂ ಕಂಬವೇ ವಾಲಿದ್ದರಿಂದ ಕರೆಂಟು ಮರಳಿದ್ದು ರಾತ್ರಿ ಎರಡು ಗಂಟೆಗೆ. ನಮ್ಮ ಮನೆಯಲ್ಲಿ ಅಮ್ಮನಿಗೆ ದಿನದ ಬಹುಪಾಲು ಹೊತ್ತು, ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಬೇಕು. 150 ಎಎಚ್ ಬ್ಯಾಟರಿಯ ಇನ್ವರ್ಟರು ಇದೆಯೆಂಬ ಧೈರ್ಯದಲ್ಲಿ ನಾವಿದ್ದೆವು. ಕಾಗದದ ಮೇಲೆ 12 ವೋಲ್ಟಿನ ಆ ಬ್ಯಾಟರಿಯಲ್ಲಿ 1,800 ವ್ಯಾಟ್ ಅವರ್ ಇದೆ. ಆದರೆ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತಿಲ್ಲ, ಇನ್ವರ್ಟರು ತನ್ನ ಪಾಲಿನದನ್ನು ನುಂಗುತ್ತದೆ, ಭಾರ ಹೆಚ್ಚಿದಷ್ಟೂ ಸೀಸದ ಬ್ಯಾಟರಿಯಿಂದ ದಕ್ಕುವುದು ಕಡಿಮೆಯಾಗುತ್ತದೆ. ಕಾನ್ಸನ್‌ಟ್ರೇಟರು, ಒಂದು ಫ್ಯಾನು, ಎರಡು ದೀಪ ಇಷ್ಟಕ್ಕೇ ಅದು ಮೂರು ಗಂಟೆಯಲ್ಲಿ ಕೈಬಿಟ್ಟಿತು. ಉಳಿದ ರಾತ್ರಿಯನ್ನು ತುರ್ತಿಗೆಂದು ಇಟ್ಟಿದ್ದ ಚಿಕ್ಕ ಸಿಲಿಂಡರಿನ ಮೇಲೆ, ಅದರ ಮುಳ್ಳು ಇಳಿಯುವುದನ್ನು ನೋಡುತ್ತಾ ಕಳೆದೆವು. ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸವೆಂದರೆ ಆ ಸಿಲಿಂಡರನ್ನು ತುಂಬಿಸಿಕೊಂಡು ಬಂದದ್ದು; ಎರಡನೆಯದು, ಜನರೇಟರ್ ವಿಚಾರಿಸಲು ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋದದ್ದು.

ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಕೆವಿಎ ಬೇಕು ಸಾರ್?" ಕೆವಿಎ ಎಂದರೆ ಜನರೇಟರಿನ ಗಾತ್ರದ ಅಳತೆ, ಸಾವಿರ ವಿಎಗೆ ಒಂದು ಕೆವಿಎ. ನನ್ನಲ್ಲಿ ಉತ್ತರವಿರಲಿಲ್ಲ. ಮನೆ 30×40 ಸೈಟಿನಲ್ಲಿದೆ, ಕೆಳಗೊಂದು ಮೇಲೊಂದು ಮಹಡಿ, ಸಂಪಿನಿಂದ ನೀರೆತ್ತಲು ಒಂದು ಎಚ್‌ಪಿ ಪಂಪಿದೆ ಎಂದೆ. ಪಂಪು ಇದೆ ಎಂದ ಕೂಡಲೇ ಅವರು 5 ಕೆವಿಎ ಯಂತ್ರವೊಂದರ ಹೊದಿಕೆ ತೆಗೆದರು. ಅವರ ಸಲಹೆ ತಪ್ಪೆಂದು ಹೇಳಲಾರೆ, ಏಕೆಂದರೆ ನಾನು ಕೊಟ್ಟ ವಿವರಕ್ಕೆ ಅದೇ ಸರಿಯಾದ ಉತ್ತರ. ಆದರೂ ಅಳೆಯದೆ ಕೊಳ್ಳಬಾರದೆನ್ನಿಸಿ ಬರಿಗೈಯಲ್ಲಿ ಮರಳಿದೆ. ಮುಂದಿನ ನಾಲ್ಕು ವಾರಗಳಲ್ಲಿ ಅಳೆದದ್ದು, ಕೆಟ್ಟದ್ದು, ಬದಲಿಸಿದ್ದು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ವಾರ: ಮೀಟರಿನ ಕೆಂಪು ದೀಪ

ಪ್ರತಿ ಉಪಕರಣದ ಹಿಂದೆ ಅಂಟಿಸಿರುವ ಪಟ್ಟಿಯಲ್ಲಿ ವ್ಯಾಟ್ ಬರೆದಿರುತ್ತದೆ, ಆದರೆ ಅದು ಸಾಮಾನ್ಯವಾಗಿ ಗರಿಷ್ಠ ಬಳಕೆಯ ಅಂಕಿ. ನಿಜವಾದ ಬಳಕೆಯನ್ನು ಅಳೆಯುವ ಉಪಕರಣ ಎಲ್ಲರ ಮನೆಯ ಗೋಡೆಯ ಮೇಲೂ ಆಗಲೇ ಇದೆ. ವಿದ್ಯುತ್ ಮೀಟರಿನ ಮುಖದಲ್ಲಿ ಮಿನುಗುವ ಒಂದು ಸಣ್ಣ ಕೆಂಪು ದೀಪವಿರುತ್ತದೆ, ಅದರ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆಂಬ ಸಂಖ್ಯೆ ಅಚ್ಚಾಗಿರುತ್ತದೆ. ನಮ್ಮ ಮೀಟರಿನಲ್ಲಿ ಅದು 3,200. ಅಂದರೆ ಒಂದು ಮಿನುಗಿಗೆ 1,125 ವ್ಯಾಟ್ ಸೆಕೆಂಡ್, ಹತ್ತು ಮಿನುಗಿಗೆ 11,250. ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಅಳೆಯಬೇಕಾದ ಒಂದನ್ನೇ ಹಚ್ಚಿ, ಹತ್ತು ಮಿನುಗಿಗೆ ಹಿಡಿದ ಸೆಕೆಂಡುಗಳಿಂದ 11,250ನ್ನು ಭಾಗಿಸಿದರೆ ಆ ಉಪಕರಣದ ವ್ಯಾಟ್ ಸಿಗುತ್ತದೆ. ಬೇರೆ ಮೀಟರುಗಳಲ್ಲಿ ಈ ಸಂಖ್ಯೆ ಬೇರೆ ಇರಬಹುದು, ಆದ್ದರಿಂದ ಅದನ್ನು ಓದಿಕೊಂಡೇ ಲೆಕ್ಕ ಹಾಕಬೇಕು. ಮೊಬೈಲಿನ ಸ್ಟಾಪ್‌ವಾಚು ಹಿಡಿದು ನಾನು ಗೇಟಿನ ಬಳಿ ನಿಂತೆ. ನನ್ನ ಹೆಂಡತಿ ಒಳಗಿನಿಂದ ಒಂದೊಂದೇ ಸ್ವಿಚ್ಚು ಹಾಕುತ್ತಾ ಹೆಸರು ಕೂಗಿ ಹೇಳಿದಳು.

ಅಮ್ಮನ 5 ಲೀಟರಿನ ಕಾನ್ಸನ್‌ಟ್ರೇಟರಿಗೆ ಹತ್ತು ಮಿನುಗು 34 ಸೆಕೆಂಡಿನಲ್ಲಿ ಮುಗಿದವು, ಅಂದರೆ 331 ವ್ಯಾಟ್. ಫ್ರಿಜ್ಜಿನ ಕಂಪ್ರೆಸರು ಓಡುತ್ತಿದ್ದಾಗ 82 ಸೆಕೆಂಡು, 137 ವ್ಯಾಟ್. ಮೂರು ಫ್ಯಾನು, ಆರು ಎಲ್‌ಇಡಿ ದೀಪ, ಇಂಟರ್‌ನೆಟ್ಟಿನ ಡಬ್ಬಿ ಸೇರಿ 41 ಸೆಕೆಂಡು, 274 ವ್ಯಾಟ್. ಹಿಂದಿನ ರಾತ್ರಿ ಬೇಕೆಂದೇ ಇಳಿಸಿಟ್ಟಿದ್ದ ಬ್ಯಾಟರಿಯನ್ನು ಇನ್ವರ್ಟರು ಚಾರ್ಜ್ ಮಾಡುವಾಗ 38 ಸೆಕೆಂಡು, 296 ವ್ಯಾಟ್. ಇದೊಂದನ್ನು ಜನರು ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕರೆಂಟು ಹೋಗಿ ಎರಡು ಗಂಟೆಯ ಮೇಲೆ ಜನರೇಟರು ಹಚ್ಚಿದಾಗ, ಹಸಿದು ಕುಳಿತ ಬ್ಯಾಟರಿ ಮೊದಲ ಭಾರವಾಗಿ ಅದರ ಮೇಲೆ ಬೀಳುತ್ತದೆ. ಈ ನಾಲ್ಕನ್ನೂ ಕೂಡಿದರೆ 1,038 ವ್ಯಾಟ್.

ಕೊನೆಗೆ ಪಂಪು. ಹತ್ತು ಮಿನುಗು 9.6 ಸೆಕೆಂಡು, 1,172 ವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್ ತಾನೇ ಎಂದು ನನ್ನ ಹೆಂಡತಿ ಕೇಳಿದಳು. ಆ 746 ಮೋಟಾರಿನ ಅಚ್ಚಿನ ತುದಿಯಲ್ಲಿ ಸಿಗುವ ಶಕ್ತಿ. ಸಣ್ಣ ಸಿಂಗಲ್ ಫೇಸ್ ಮೋಟಾರುಗಳು ಒಳಗೆ ತೆಗೆದುಕೊಂಡದ್ದರಲ್ಲಿ ದೊಡ್ಡ ಪಾಲನ್ನು ಬಿಸಿಯಾಗಿ ಕಳೆಯುವುದರಿಂದ ತಂತಿಯಲ್ಲಿ ಹರಿಯುವುದು ಅದಕ್ಕಿಂತ ಬಹಳ ಹೆಚ್ಚು. ಗೀಸರು, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ ಇವುಗಳನ್ನು ನಾನು ಅಳೆಯಲೇ ಇಲ್ಲ. ಬಿಸಿನೀರಿಗೆ ಮಹಡಿಯ ಮೇಲೆ ಸೋಲಾರ್ ಇದೆ, ಅಡುಗೆಗೆ ಗ್ಯಾಸಿದೆ. ಕೇವಲ ಬಿಸಿ ಮಾಡುವ ಉಪಕರಣಗಳಿಗೆ ಪೆಟ್ರೋಲು ಉರಿಸುವುದು ಎಲ್ಲ ರೀತಿಯಿಂದಲೂ ನಷ್ಟದ ಕೆಲಸವೆಂದು ನನ್ನ ಖಚಿತ ಅಭಿಪ್ರಾಯ.

ಒಟ್ಟು 2,210 ವ್ಯಾಟ್ ಆಯಿತು. ಹಾಗಾದರೆ ಎರಡೂವರೆ ಕೆವಿಎ ಸಾಕಲ್ಲವೇ ಎಂದು ಆ ಸಂಜೆ ಅಂದುಕೊಂಡೆ.

ಎರಡನೆಯ ವಾರ: ಬಾಡಿಗೆ ಯಂತ್ರದ ಪರೀಕ್ಷೆ

ನಮ್ಮ ಬಡಾವಣೆಯಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವವರ ಬಳಿ ಸಣ್ಣ ಜನರೇಟರುಗಳೂ ಇರುತ್ತವೆ. ಕೊಳ್ಳುವ ಮುನ್ನ ಒಂದು ದಿನದ ಮಟ್ಟಿಗೆ 2 ಕೆವಿಎ ಯಂತ್ರವೊಂದನ್ನು ತಂದು, ಮನೆಯ ವೈರಿಂಗಿಗೆ ಜೋಡಿಸದೆ, ನೇರವಾಗಿ ಪಂಪನ್ನು ಮಾತ್ರ ಅದರ ಸಾಕೆಟ್ಟಿಗೆ ಹಾಕಿ ನೋಡಿದೆ. ಪಂಪು ಓಡುವಾಗ ಬೇಕಾದದ್ದು 1,172 ವ್ಯಾಟ್ ಮಾತ್ರ, ಯಂತ್ರದ ಮೇಲೆ ಬರೆದದ್ದು 2 ಕೆವಿಎ, ಬೇರೇನೂ ಭಾರವಿಲ್ಲ. ಸ್ವಿಚ್ಚು ಹಾಕಿದೆ. ಎಂಜಿನ್ನಿನ ಸದ್ದು ಒಮ್ಮೆಲೇ ದಪ್ಪವಾಗಿ ಕುಗ್ಗಿತು, ಪಂಪು ತಿರುಗದೆ 'ಹೂಂ' ಎಂದು ಗುಂಯ್‌ಗುಟ್ಟಿತು, ಮಲ್ಟಿಮೀಟರಿನಲ್ಲಿ 231 ಇದ್ದ ವೋಲ್ಟೇಜು 110ರ ಆಸುಪಾಸಿಗೆ ಕುಸಿದು ಅಲ್ಲೇ ನಿಂತಿತು. ನಾಲ್ಕು ಸೆಕೆಂಡಿನಲ್ಲಿ ಸ್ವಿಚ್ಚು ತೆಗೆದೆ. ತಿರುಗದೆ ನಿಂತ ಮೋಟಾರು ಬೇಗ ಸುಟ್ಟುಹೋಗುತ್ತದೆ, ಆದ್ದರಿಂದ ಹೀಗಾದಾಗ ಕಾಯುತ್ತಾ ನೋಡಬಾರದು.

ಮೊದಲ ಅನುಮಾನ, ಮೋಟಾರು ಹೊರಡಲು ನೆರವಾಗುವ ಪಂಪಿನ ಕೆಪಾಸಿಟರಿನ ಮೇಲೆ ಹೋಯಿತು. ಬಿಚ್ಚಿ ಅಳೆದಾಗ 20 ಮೈಕ್ರೋಫ್ಯಾರಡ್ ಇರಬೇಕಾದದ್ದು 17ಕ್ಕೆ ಇಳಿದಿತ್ತು. ಬಿವಿಕೆ ಅಯ್ಯಂಗಾರ್ ರಸ್ತೆಯಿಂದ ಹೊಸದನ್ನು ತಂದು ಹಾಕಿದೆ. ಮೀಟರಿನ ಕರೆಂಟಿನಲ್ಲಿ ಪಂಪು ಮೊದಲಿಗಿಂತ ಚುರುಕಾಗಿ ಎದ್ದಿತು, ಜನರೇಟರಿನಲ್ಲಿ ಮಾತ್ರ ಅದೇ ಹೂಂಕಾರ. ಹಾಗಾಗಿ ದೋಷ ಪಂಪಿನದಲ್ಲ, ನನ್ನ ಲೆಕ್ಕದ್ದು.

ನಿಂತ ಮೋಟಾರು ಹೊರಡುವ ಕ್ಷಣದಲ್ಲಿ, ತಿರುಗುವಾಗ ಎಳೆಯುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಇದನ್ನು ಮೀಟರಿನ ದೀಪ ತೋರಿಸುವುದಿಲ್ಲ, ಸಾಧಾರಣ ಕ್ಲ್ಯಾಂಪ್ ಮೀಟರಿನ ಕಣ್ಣಿಗೂ ಅದು ಬೀಳುವುದಿಲ್ಲ; ಆ ಅರ್ಧ ಸೆಕೆಂಡಿನ ಜಿಗಿತವನ್ನು ಹಿಡಿದಿಟ್ಟುಕೊಳ್ಳುವ ಇನ್‌ರಶ್ ಸೌಲಭ್ಯವಿರುವ ಕ್ಲ್ಯಾಂಪ್ ಮೀಟರು ಬೇಕು. ನಮ್ಮ ಮನೆಯ ವೈರಿಂಗ್ ಮಾಡಿದ ಹಿರಿಯ ಎಲೆಕ್ಟ್ರಿಷಿಯನ್ ಅವರ ಬಳಿ ಅದಿತ್ತು. ಪಂಪು ಓಡುವಾಗ 5.6 ಆಂಪಿಯರು, ಹೊರಡುವಾಗ 29. ಅಂದರೆ ಆ ಕ್ಷಣಕ್ಕೆ 230 ವೋಲ್ಟಿನಲ್ಲಿ 6,600 ವಿಎಗಿಂತ ಹೆಚ್ಚು. ಫ್ರಿಜ್ಜು ಹೊರಡುವಾಗ 7.4 ಆಂಪಿಯರು. ಅಂಗಡಿಯವರು ಪಂಪೆಂದ ಕೂಡಲೇ 5 ಕೆವಿಎ ಕಡೆಗೆ ಕೈ ಚಾಚಿದ್ದರ ಕಾರಣ ಆಗ ತಿಳಿಯಿತು.

ಇಲ್ಲಿ ವ್ಯಾಟ್ ಮತ್ತು ವಿಎಗಳ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜನರೇಟರಿನಲ್ಲಿ ಎರಡು ಯಂತ್ರಗಳು ಒಂದೇ ಅಚ್ಚಿನಲ್ಲಿ ಕೂತಿವೆ. ಪೆಟ್ರೋಲು ಉರಿಸುವ ಎಂಜಿನ್ನಿಗೆ ತಾಗುವುದು ವ್ಯಾಟ್. ಅದು ಮೀರಿದರೆ ಎಂಜಿನ್ನು ವೇಗ ಕಳೆದುಕೊಳ್ಳುತ್ತದೆ, ನಿಂತೂ ಹೋಗುತ್ತದೆ. ಕರೆಂಟು ಹುಟ್ಟಿಸುವ ಆಲ್ಟರ್ನೇಟರಿಗೆ ತಾಗುವುದು ವಿಎ, ಅಂದರೆ ತಂತಿಸುರುಳಿಯಲ್ಲಿ ಹರಿಯುವ ಆಂಪಿಯರು. ಅದು ಮೀರಿದರೆ ವೋಲ್ಟೇಜು ಕುಸಿಯುತ್ತದೆ. ಹೊರಡುತ್ತಿರುವ ಮೋಟಾರು ವ್ಯಾಟ್‌ಗಿಂತ ಎಷ್ಟೋ ಹೆಚ್ಚು ವಿಎ ಕೇಳುತ್ತದೆ. ವೋಲ್ಟೇಜು ಅರ್ಧಕ್ಕಿಳಿದರೆ ಮೋಟಾರಿನ ತಿರುಗಿಸುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಬಲವಿಲ್ಲದೆ ಅದು ತಿರುಗದು, ತಿರುಗದಿದ್ದರೆ ಎಳೆತ ತಗ್ಗದು. ಬಾಡಿಗೆ ಯಂತ್ರ ಸಿಕ್ಕಿಬಿದ್ದದ್ದು ಈ ಸುಳಿಯಲ್ಲಿ.

ಇನ್ನೊಂದು ಕಡಿತ ನಮ್ಮ ಊರಿನದೇ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದಂತೆ ಎಂಜಿನ್ನಿನ ಪ್ರತಿ ಉಸಿರಿನಲ್ಲಿ ಬರುವ ಆಮ್ಲಜನಕ ಕಡಿಮೆ. ಪ್ರತಿ 300 ಮೀಟರಿಗೆ ಶೇಕಡಾ ಮೂರೂವರೆಯಷ್ಟು ಶಕ್ತಿ ಇಳಿಯುತ್ತದೆಂಬುದು ರೂಢಿಯ ಲೆಕ್ಕ. ಅಂದರೆ ಡಬ್ಬಿಯ ಮೇಲೆ ಏನೇ ಬರೆದಿರಲಿ, ಇಲ್ಲಿ ಅದರಲ್ಲಿ ಸುಮಾರು ಹತ್ತನೇ ಒಂದು ಭಾಗವನ್ನು ಮೊದಲೇ ಕಳೆದಿಡಬೇಕು. ಚೆನ್ನೈಯಲ್ಲಿರುವ ನಂಟರ ಮನೆಯಲ್ಲಿ ಓಡುವ ಯಂತ್ರ ಅಷ್ಟೇ ಭಾರಕ್ಕೆ ಇಲ್ಲಿ ತಿಣುಕಬಹುದು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವುದು ಸಾಮಾನ್ಯವಾಗಿ ಗರಿಷ್ಠ ಅಂಕಿಯನ್ನು. ಗಂಟೆಗಟ್ಟಲೆ ಕೊಡಬಲ್ಲ ನಿರಂತರ ಅಂಕಿಯನ್ನು ಸಣ್ಣ ಅಕ್ಷರದಲ್ಲಿ ಹುಡುಕಿ, ಕಳೆಯುವುದನ್ನು ಅದರಿಂದ ಕಳೆಯಬೇಕು.

ಮರುದಿನ 5 ಕೆವಿಎ ಯಂತ್ರವನ್ನು ಬಾಡಿಗೆಗೆ ತಂದೆ. ಇಬ್ಬರು ಆಳುಗಳು ಏದುಸಿರು ಬಿಡುತ್ತಾ ಇಳಿಸಿದರು. ಪಂಪು ಮೊದಲ ಸಲಕ್ಕೇ ಎದ್ದಿತು. ಆದರೆ ಪಂಪು ನಿಂತ ಮೇಲೆ, ಕಾನ್ಸನ್‌ಟ್ರೇಟರು, ಫ್ಯಾನು, ದೀಪಗಳಷ್ಟನ್ನೇ ಎಕ್ಸ್‌ಟೆನ್ಷನ್ ತಂತಿಯಲ್ಲಿ ಓಡಿಸುತ್ತಾ ಅಳೆದ ಪೆಟ್ರೋಲಿನ ಲೆಕ್ಕ ನನ್ನನ್ನು ಯೋಚನೆಗೆ ಹಚ್ಚಿತು: ಗಂಟೆಗೆ 1.4 ಲೀಟರ್. ಮಾಮೂಲಿ ಜನರೇಟರು 50 ಹರ್ಟ್ಸ್ ಕೊಡಬೇಕಾದರೆ ನಿಮಿಷಕ್ಕೆ 3,000 ಸುತ್ತು ತಿರುಗಲೇಬೇಕು, ಭಾರ ಇರಲಿ ಬಿಡಲಿ. ದೊಡ್ಡ ಎಂಜಿನ್ನನ್ನು ಆ ವೇಗದಲ್ಲಿ ಸುಮ್ಮನೆ ತಿರುಗಿಸುವುದಕ್ಕೇ ಇಂಧನ ಬೇಕು. ಲೀಟರಿಗೆ ನೂರು ರೂಪಾಯಿ ದಾಟಿರುವ ಪೆಟ್ರೋಲಿನಲ್ಲಿ, ದಿನಕ್ಕೆ ಹದಿಮೂರು ನಿಮಿಷ ಓಡುವ ಪಂಪಿನ ಅರ್ಧ ಸೆಕೆಂಡಿನ ಜಿಗಿತಕ್ಕಾಗಿ ಉಳಿದ ಎಲ್ಲ ಗಂಟೆಗಳಲ್ಲೂ ದಂಡ ತೆತ್ತಂತೆ ಇದು.

ಮೂರನೆಯ ವಾರ: ಪಂಪನ್ನೇ ಬದಲಿಸಿದ್ದು

ಆ ರಾತ್ರಿ ಪ್ರಶ್ನೆಯನ್ನು ತಿರುಗಿಸಿ ಹಾಕಿಕೊಂಡೆ. ಈ ಪಂಪಿಗೆ ಎಷ್ಟು ದೊಡ್ಡ ಜನರೇಟರು ಬೇಕು ಎಂದು ಕೇಳುವ ಬದಲು, ಈ ಮನೆಗೆ ಎಷ್ಟು ದೊಡ್ಡ ಪಂಪು ಬೇಕು ಎಂದು ಕೇಳಿದೆ. ಮನೆ ಕಟ್ಟುವಾಗ ಪ್ಲಂಬರು ಒಂದು ಎಚ್‌ಪಿ ಹಾಕಿದ್ದು ಎಲ್ಲರ ಮನೆಗೂ ಅದನ್ನೇ ಹಾಕುವ ರೂಢಿಯಿಂದ. ಟೇಪು ಹಿಡಿದು ಅಳೆದೆ. ಸಂಪಿನ ತಳ ನೆಲದಿಂದ ಎರಡೂವರೆ ಮೀಟರ್ ಕೆಳಗೆ, ಟ್ಯಾಂಕಿನ ಬಾಯಿ ಹತ್ತು ಮೀಟರ್ ಮೇಲೆ. ಪೈಪಿನ ತಿರುವುಗಳಿಗೆಂದು ಒಂದೂವರೆ ಮೀಟರ್ ಸೇರಿಸಿದರೂ ನೀರು ಏರಬೇಕಾದದ್ದು 14 ಮೀಟರ್. ಅರ್ಧ ಎಚ್‌ಪಿ ಮೋನೋಬ್ಲಾಕ್ ಪಂಪುಗಳ ಪಟ್ಟಿಯಲ್ಲಿ ಆ ಎತ್ತರಕ್ಕೆ ನಿಮಿಷಕ್ಕೆ ನಲವತ್ತು ಲೀಟರಿನಷ್ಟು ಬರೆದಿತ್ತು. ನಮ್ಮದು 1,000 ಲೀಟರಿನ ಟ್ಯಾಂಕು. ಅದು ಅರ್ಧ ಗಂಟೆಯೊಳಗೆ ತುಂಬಿದರೆ ಯಾರಿಗೂ ತೊಂದರೆಯಿಲ್ಲ. ಬೋರ್‌ವೆಲ್ಲಿನ ಆಳದ ಸಬ್‌ಮರ್ಸಿಬಲ್ ಇರುವ ಮನೆಗಳಿಗೆ ಈ ದಾರಿ ಹೊಂದದು. ಅಲ್ಲಿ ಎತ್ತರವೇ ನೂರಾರು ಮೀಟರ್, ಮೋಟಾರು ಅನೇಕ ಕಡೆ ತ್ರೀ ಫೇಸ್. ಅಂಥ ಮನೆಯವರು ನೀರನ್ನು ಮೊದಲೇ ಸಂಪಿಗೆ ಇಳಿಸಿಟ್ಟುಕೊಳ್ಳುವುದೇ ಮೇಲು.

ಭಾನುವಾರ ಹಳೆಯ ಪಂಪು ಬಿಚ್ಚಿದೆವು. ಹೀರುವ ಪೈಪು ಒಂದಿಂಚಿನದೇ ಆಗಿದ್ದರಿಂದ ಹೊಸ ಪಂಪು ಅದೇ ಯೂನಿಯನ್ನಿಗೆ ಕೂತಿತು. ಬಾಯಿಗೆ ನೀರು ತುಂಬಿ ಹಚ್ಚಿದರೆ ಮೋಟಾರು ತಿರುಗಿತು, ನೀರು ಮಾತ್ರ ಏರಲಿಲ್ಲ. ಮತ್ತೆ ತುಂಬಿದೆವು, ಮತ್ತೆ ಇಳಿದುಹೋಯಿತು. ಪೈಪಿನ ತಳದಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಹೋಗಿರಬೇಕೆಂದು ಸಂಪಿಗಿಳಿಯುವ ಮುನ್ನ ಯೂನಿಯನ್ನಿನ ಸುತ್ತ ಸೋಪಿನ ನೊರೆ ಹಚ್ಚಿ ನೋಡಿದೆ. ಪಂಪು ಓಡುವಾಗ ನೊರೆ ಒಂದು ಕಡೆ ಒಳಗೆ ಎಳೆದುಕೊಳ್ಳುತ್ತಿತ್ತು. ಹಳೆಯ ಟೇಪಿನ ಚೂರು ಎಳೆಯಲ್ಲಿ ಸಿಕ್ಕಿಕೊಂಡಿತ್ತು. ತಂತಿಬ್ರಶ್ಶಿನಿಂದ ಉಜ್ಜಿ ಹೊಸ ಟೆಫ್ಲಾನ್ ಟೇಪು ಹನ್ನೆರಡು ಸುತ್ತು ಸುತ್ತಿದ ಮೇಲೆ ಟ್ಯಾಂಕಿನಲ್ಲಿ ನೀರು ಬಿದ್ದ ಸದ್ದು ಕೇಳಿತು.

ಮತ್ತೆ ಮೀಟರಿನ ದೀಪದ ಮುಂದೆ ನಿಂತೆ. ಹತ್ತು ಮಿನುಗು 21.5 ಸೆಕೆಂಡು, 523 ವ್ಯಾಟ್. ಹೊರಡುವಾಗಿನ ಜಿಗಿತ 14 ಆಂಪಿಯರು. ಟ್ಯಾಂಕು ತುಂಬಲು ಹಿಂದೆ ಹದಿಮೂರೂವರೆ ನಿಮಿಷ ಬೇಕಿತ್ತು, ಈಗ 26. ಯೂನಿಟ್ಟಿನ ಲೆಕ್ಕದಲ್ಲಿ ಒಂದು ಟ್ಯಾಂಕಿಗೆ ಮೊದಲು 0.26, ಈಗ 0.23, ಹೆಚ್ಚು ಹೊತ್ತು ಓಡಿದರೂ ತಿಂಗಳ ಬಿಲ್ಲಿಗೆ ಹೊರೆಯಿಲ್ಲ.

ಈಗ ಒಟ್ಟು ಓಟದ ಭಾರ 1,038ಕ್ಕೆ 523 ಸೇರಿ 1,561 ವ್ಯಾಟ್. ನಿರಂತರ 2.5, ಗರಿಷ್ಠ 2.8 ಕೆವಿಎ ಬರೆದಿರುವ, ವೋಲ್ಟೇಜು ಹಿಡಿದಿಡುವ ಎವಿಆರ್ ಇರುವ ಪೆಟ್ರೋಲ್ ಯಂತ್ರವನ್ನು ಆರಿಸಿದೆ. ಬೆಂಗಳೂರಿನ ಎತ್ತರಕ್ಕೆ ಹತ್ತನೇ ಒಂದು ಭಾಗ ಕಳೆದರೆ 2,250 ಉಳಿಯಿತು. ನಮ್ಮ ಭಾರ ಅದರ ಶೇಕಡಾ 70ರಷ್ಟು. ಸದಾ ಶೇಕಡಾ 80ರೊಳಗೆ ಇರಬೇಕೆಂಬುದು ನಾನು ಹಾಕಿಕೊಂಡ ಗೆರೆ. ಇನ್ವರ್ಟರ್ ಮಾದರಿಯ ಜನರೇಟರನ್ನೂ ವಿಚಾರಿಸಿದೆ. ಅದರ ಅಲೆ ಶುದ್ಧ, ಸದ್ದು ಕಡಿಮೆ, ಭಾರ ಕಡಿಮೆಯಿದ್ದಾಗ ಎಂಜಿನ್ನು ತಾನೇ ನಿಧಾನವಾಗುವುದರಿಂದ ಪೆಟ್ರೋಲೂ ಉಳಿಯುತ್ತದೆ. ಮೋಟಾರು ಇಲ್ಲದ ಮನೆಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಅದರೊಳಗಿನ ಎಲೆಕ್ಟ್ರಾನಿಕ್ಸ್ ತನ್ನ ಮಿತಿ ಮೀರಿದ ಆಂಪಿಯರನ್ನು ಸಹಿಸದೆ ಕೂಡಲೇ ಕಡಿದುಹಾಕುತ್ತದೆ. ನಮ್ಮ ಬಜೆಟ್ಟಿಗೆ ಸಿಗುತ್ತಿದ್ದ ಗಾತ್ರದಲ್ಲಿ 14 ಆಂಪಿಯರಿನ ಜಿಗಿತ ದಾಟುವ ಭರವಸೆ ಇರಲಿಲ್ಲ. ಅಮ್ಮನ ಕಾನ್ಸನ್‌ಟ್ರೇಟರಿನ ಕೈಪಿಡಿ ಕೇಳುವುದು 207ರಿಂದ 253 ವೋಲ್ಟ್. ಎವಿಆರ್ ಯಂತ್ರದಲ್ಲಿ ಭಾರವಿಲ್ಲದಾಗ 238, ಭಾರವಿದ್ದಾಗ 228 ಅಳೆದು ನೋಡಿಯೇ ಹಣ ಕೊಟ್ಟೆ.

ನಾಲ್ಕನೆಯ ವಾರ: ಜೋಡಣೆ

ಎಲ್ಲಿಡುವುದು ಎಂಬುದು ಸಣ್ಣ ಪ್ರಶ್ನೆಯಲ್ಲ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರು ನಿಲ್ಲಿಸುವ ಜಾಗದಲ್ಲೋ, ಕಿಟಕಿಯ ಪಕ್ಕದ ಓಣಿಯಲ್ಲೋ ಇಟ್ಟು ಓಡಿಸಿದರೆ ಮಲಗಿದವರು ಏಳದೇ ಹೋಗಬಹುದು. ಕಾನ್ಸನ್‌ಟ್ರೇಟರು ಕೋಣೆಯ ಗಾಳಿಯನ್ನೇ ಹೀರಿ ಅಮ್ಮನಿಗೆ ಕೊಡುವ ಯಂತ್ರ, ಹಾಗಾಗಿ ನಮಗೆ ಈ ಭಯ ಇಮ್ಮಡಿ. ಕಿಟಕಿ ಬಾಗಿಲುಗಳಿಂದ ಆರು ಮೀಟರಾದರೂ ದೂರವಿರಬೇಕು. 30×40 ಸೈಟಿನಲ್ಲಿ ನೆಲದ ಮೇಲೆ ಅಂಥ ಜಾಗವಿಲ್ಲ. ಕೊನೆಗೆ ತೆರೆದ ತಾರಸಿಯ ಹಿಂದಿನ ಮೂಲೆ, ಮೆಟ್ಟಿಲಿನ ಬಾಗಿಲಿಗೆ ಎದುರು ತುದಿ ಎಂದು ತೀರ್ಮಾನವಾಯಿತು. ನಾಲ್ಕೂ ಕಡೆ ತೆರೆದ ತಗಡಿನ ಚಪ್ಪರ ಹಾಕಿಸಿ, ಯಂತ್ರವನ್ನು ಇಬ್ಬರು ಸೇರಿ ಹೊತ್ತು ಏರಿಸಿದೆವು. ಮೆಟ್ಟಿಲಿನ ಬಾಗಿಲ ಬಳಿ ಮತ್ತು ಅಮ್ಮನ ಕೋಣೆಯಲ್ಲಿ ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆ.

ವೈರಿಂಗನ್ನು ಎಲೆಕ್ಟ್ರಿಷಿಯನ್ನರೇ ಮಾಡಿದರು. ತಾರಸಿಯಿಂದ ಕೆಳಗಿನ ಡಿಬಿಯವರೆಗೆ, ಅಂದರೆ ಮನೆಯ ಲೈನುಗಳೆಲ್ಲ ಕವಲೊಡೆಯುವ ಪೆಟ್ಟಿಗೆಯವರೆಗೆ, 18 ಮೀಟರಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ. ಓಡುವ ಭಾರಕ್ಕೆ ಎರಡೂವರೆಯದೇ ಸಾಕಿತ್ತು, ಆದರೆ ಪಂಪು ಹೊರಡುವ ಕ್ಷಣದಲ್ಲಿ ತಂತಿಯೂ ವೋಲ್ಟೇಜು ತಿನ್ನಬಾರದಲ್ಲ. ಡಿಬಿಯ ಪಕ್ಕದಲ್ಲಿ, ನಡುವೆ ಆಫ್ ಇರುವ, ಫೇಸು ನ್ಯೂಟ್ರಲ್ ಎರಡನ್ನೂ ಕಡಿಯುವ 32 ಆಂಪಿಯರಿನ ಚೇಂಜ್‌ಓವರ್ ಸ್ವಿಚ್ಚು. ಇದಕ್ಕೆ ಬದಲಾಗಿ ಎರಡೂ ತುದಿಗೆ ಪ್ಲಗ್ಗಿರುವ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಗೆ ಕರೆಂಟು ಕೊಡುವುದನ್ನು ನಾನು ಕಂಡಿದ್ದೇನೆ. ಮೇನ್ ಸ್ವಿಚ್ಚು ಆರಿಸಲು ಮರೆತರೆ ನಮ್ಮ 230 ವೋಲ್ಟು ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಹೋಗಿ 11,000 ವೋಲ್ಟಾಗಿ ಏಳಬಹುದು. ಮಳೆಯಲ್ಲಿ ನಮಗಾಗಿ ಕಂಬ ಹತ್ತಿದವನ ಕೈ ಆ ತಂತಿಯ ಮೇಲೆ ಇರುತ್ತದೆ. ಈ ಒಂದು ವಿಷಯದಲ್ಲಿ ಹಣ ಉಳಿಸುವುದನ್ನು ನಾನು ಒಪ್ಪಲಾರೆ.

ನಾನು ಕಲಿತ ಹೊಸ ಸಂಗತಿಯೆಂದರೆ ನ್ಯೂಟ್ರಲ್ಲಿನದು. ಜೋಡಣೆ ಮುಗಿದ ಮೇಲೆ ಜನರೇಟರು ಹಚ್ಚಿ, ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದೆ, ಅದು ಬಿದ್ದಿತು. ಎಲ್ಲ ಸರಿಯಿದೆ ಎಂದೆ. ಎಲೆಕ್ಟ್ರಿಷಿಯನ್ನರು ತಲೆಯಾಡಿಸಿ, ಚೀಲದಿಂದ 15 ವ್ಯಾಟಿನ ಹಳೆಯ ಬಲ್ಬಿನ ಹೋಲ್ಡರು ತೆಗೆದು, ಅದರ ಒಂದು ತಂತಿಯನ್ನು ಫೇಸಿಗೂ ಇನ್ನೊಂದನ್ನು ಅರ್ಥಿಂಗಿಗೂ ಹಿಡಿದರು. ಬಲ್ಬು ಹತ್ತಲಿಲ್ಲ, ಆರ್‌ಸಿಸಿಬಿಯೂ ಬೀಳಲಿಲ್ಲ.

"ಗುಂಡಿ ಒತ್ತಿದರೆ ಒಳಗಡೆನೇ ಫೇಸು ನ್ಯೂಟ್ರಲ್ ಸುತ್ತಿಸಿ ಬೀಳಿಸುತ್ತೆ ಸಾರ್. ಅರ್ಥ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗಲ್ಲ," ಎಂದರು. "ಈ ಮಿಷಿನ್ನಿನ ನ್ಯೂಟ್ರಲ್ ಎಲ್ಲೂ ಕಟ್ಟಿಲ್ಲ, ಗಾಳೀಲಿ ತೇಲ್ತಾ ಇದೆ."

ಅನೇಕ ಸಣ್ಣ ಜನರೇಟರುಗಳಲ್ಲಿ ಸುರುಳಿಯ ಯಾವ ತುದಿಯೂ ಚೌಕಟ್ಟಿಗಾಗಲಿ ಭೂಮಿಗಾಗಲಿ ಸೇರಿರುವುದಿಲ್ಲ. ಒಂದೇ ಉಪಕರಣವನ್ನು ನೇರವಾಗಿ ಜೋಡಿಸುವಾಗ ಅದು ಸರಿಯೇ. ಇಡೀ ಮನೆಗೆ ಜೋಡಿಸಿದಾಗ ಸೋರಿದ ಕರೆಂಟು ಮರಳುವ ದಾರಿಯಿಲ್ಲದೆ ಆರ್‌ಸಿಸಿಬಿ ಕುರುಡಾಗುತ್ತದೆ. ಅವರು ಜನರೇಟರಿನ ಬದಿಯಲ್ಲಿ ನ್ಯೂಟ್ರಲ್ಲನ್ನು ಮನೆಯ ಅರ್ಥ್ ತಂತಿಗೆ ಸೇರಿಸಿ, ಚೌಕಟ್ಟನ್ನೂ ಅದಕ್ಕೆ ಬಿಗಿದರು. ಚೇಂಜ್‌ಓವರ್ ಸ್ವಿಚ್ಚು ನ್ಯೂಟ್ರಲ್ಲನ್ನೂ ಕಡಿಯುವುದರಿಂದ ಬೀದಿಯ ನ್ಯೂಟ್ರಲ್ಲಿಗೆ ಇದು ತಾಗುವುದಿಲ್ಲ. ಮತ್ತೆ ಬಲ್ಬು ಹಿಡಿದ ಮರುಕ್ಷಣ ಆರ್‌ಸಿಸಿಬಿ ಟಕ್ಕೆಂದು ಬಿದ್ದಿತು. ಈ ಪರೀಕ್ಷೆಯನ್ನು ಬಲ್ಲವರೇ ಮಾಡಬೇಕು. ಆದರೆ ಮಾಡಿಸಿಕೊಳ್ಳದೆ ಕೆಲಸ ಮುಗಿಯಿತೆಂದು ಯಾರೂ ಭಾವಿಸಬಾರದು.

ಇನ್ವರ್ಟರಿನ ಜೊತೆ ಒಂದು ತಕರಾರು ಉಳಿದಿತ್ತು. ಜನರೇಟರು ಕೊಟ್ಟ ಕರೆಂಟನ್ನು ಅದು ಒಂದು ನಿಮಿಷ ಒಪ್ಪಿ, ಮರುನಿಮಿಷ ಬಿಟ್ಟು ಬ್ಯಾಟರಿಗೆ ಹೋಗುತ್ತಿತ್ತು, ಒಳಗಿನ ರಿಲೇ ಟಕ್ ಟಕ್ ಎನ್ನುತ್ತಲೇ ಇತ್ತು. ಅಳೆದಾಗ ಭಾರ ಕಡಿಮೆಯಿದ್ದಾಗ ಜನರೇಟರಿನ ಫ್ರೀಕ್ವೆನ್ಸಿ 53 ಹರ್ಟ್ಸ್ ದಾಟುತ್ತಿತ್ತು. ಅಂಗಡಿಯ ಮೆಕ್ಯಾನಿಕ್ ಬಂದು, ಎಂಜಿನ್ನಿನ ವೇಗ ಹಿಡಿದಿಡುವ ಗವರ್ನರಿನ ಸ್ಕ್ರೂವನ್ನು ಅರ್ಧ ಸುತ್ತಿಗಿಂತ ಕಡಿಮೆ ತಿರುಗಿಸಿ, ಭಾರವಿಲ್ಲದಾಗ 51.5, ಭಾರವಿದ್ದಾಗ 50ಕ್ಕೆ ತಂದು ನಿಲ್ಲಿಸಿದ ಮೇಲೆ ರಿಲೇ ಸುಮ್ಮನಾಯಿತು.

ಕಾನ್ಸನ್‌ಟ್ರೇಟರು ಇನ್ವರ್ಟರಿನ ಲೈನಿನಲ್ಲೇ ಇರುವುದರಿಂದ ಬದಲಾಯಿಸುವ ಹೊತ್ತಿನಲ್ಲಿ ಅಮ್ಮನಿಗೆ ಏನೂ ಗೊತ್ತಾಗುವುದಿಲ್ಲ. ಡಿಬಿಯ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: ಮೊದಲು ಟ್ಯಾಂಕಿನ ಆಟೋಮ್ಯಾಟಿಕ್ ನೀರಿನ ಕಂಟ್ರೋಲರನ್ನು ಮ್ಯಾನುಯಲ್ಲಿಗೆ ತಿರುಗಿಸಬೇಕು, ಇಲ್ಲದಿದ್ದರೆ ಅದು ತನಗೆ ತೋಚಿದಾಗ ಪಂಪು ಹಚ್ಚುತ್ತದೆ; ಆಮೇಲೆ ಎಂಜಿನ್ನು ಹಚ್ಚಿ ಎರಡು ನಿಮಿಷ ಬಿಸಿಯಾಗಲು ಬಿಡಬೇಕು; ಸ್ವಿಚ್ಚು ತಿರುಗಿಸಬೇಕು; ನೀರು ಬೇಕಿದ್ದರೆ ಫ್ರಿಜ್ಜು ಹಚ್ಚುವ ಮುನ್ನ ಪಂಪು ಹಾಕಬೇಕು. ಹೀಗೆ ಮಾಡಿದಾಗ ಪಂಪು ಹೊರಡುವ ಕ್ಷಣ ವೋಲ್ಟೇಜು 186ಕ್ಕೆ ಮುಳುಗಿ ಒಂದು ಸೆಕೆಂಡಿನೊಳಗೆ ಮೇಲೆದ್ದಿತು, ದೀಪಗಳು ಒಮ್ಮೆ ಕಣ್ಣು ಮಿಟುಕಿಸಿದವು, ಅಷ್ಟೆ.

ಸದ್ದಿನ ಬಗ್ಗೆ ಅಕ್ಕಪಕ್ಕದವರಿಗೆ ಮೊದಲೇ ಹೋಗಿ ಹೇಳಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್. ಯಾವ ಮಾಮೂಲಿ ಜನರೇಟರೂ ಅದರೊಳಗೆ ಇರಲಾರದು. ಆದ್ದರಿಂದ ಸಂಜೆಯೇ ಓಡಿಸಿ ಬ್ಯಾಟರಿ ತುಂಬಿಸಿಕೊಂಡು, ಹತ್ತರ ಮೇಲೆ ಫ್ರಿಜ್ಜು ಪಂಪುಗಳನ್ನು ಬಿಟ್ಟು ಇನ್ವರ್ಟರಿನ ಮೇಲೆ ಇರುವುದು ನಮ್ಮ ಕ್ರಮ. "ಅಮ್ಮನಿಗೆ ಉಸಿರು ಮುಖ್ಯ, ಬೇಕಾದ್ರೆ ರಾತ್ರೀನೂ ಹಚ್ಚಿ," ಎಂದು ಪಕ್ಕದ ಮನೆಯ ಆಂಟಿ ಹೇಳಿದ್ದಾರೆ. ಆ ಮಾತನ್ನು ಇನ್ನೂ ಬಳಸಿಕೊಳ್ಳಬೇಕಾಗಿ ಬಂದಿಲ್ಲ.

ಜೂನ್ ಮೊದಲ ವಾರದ ಮಳೆಯಲ್ಲಿ ನಿಜವಾದ ಪರೀಕ್ಷೆ ಬಂತು. ಮಧ್ಯಾಹ್ನ ಮೂರೂಕಾಲಿಗೆ ಹೋದ ಕರೆಂಟು ಒಂಬತ್ತು ಗಂಟೆಗೆ ಬಂತು. ಮುಕ್ಕಾಲು ಗಂಟೆ ಇನ್ವರ್ಟರಿನಲ್ಲಿ ಕಾದು, ಮಳೆಯ ಇರಚಲು ನಿಂತ ಮೇಲೆ ಜನರೇಟರು ಹಚ್ಚಿದೆ. ಐದು ಗಂಟೆ ಓಡಿತು, ಟ್ಯಾಂಕು ಒಂದು ಸಲ ತುಂಬಿತು, ತಂದಿಟ್ಟಿದ್ದ ಪೆಟ್ರೋಲಿನಲ್ಲಿ 4 ಲೀಟರು ಹೋಯಿತು. ಗಂಟೆಗೆ 0.8 ಲೀಟರ್, ದೊಡ್ಡ ಯಂತ್ರ ಕುಡಿದದ್ದರ ಅರ್ಧಕ್ಕಿಂತ ತುಸು ಹೆಚ್ಚು. ಆರಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರಿ ಎಂಜಿನ್ನು ತಾನೇ ನಿಲ್ಲುವವರೆಗೆ ಬಿಟ್ಟೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ, ಅದು ತೇವ ಹೀರಿಕೊಳ್ಳುವುದರಿಂದ ವಾರಗಟ್ಟಲೆ ಒಳಗೆ ನಿಂತರೆ ಸಣ್ಣ ರಂಧ್ರಗಳನ್ನು ಕೆಡಿಸುತ್ತದೆ. ತಿಂಗಳಿಗೊಮ್ಮೆ, ಮೊದಲ ಭಾನುವಾರ, ಪಂಪನ್ನು ಭಾರವಾಗಿ ಕೊಟ್ಟು ಕಾಲು ಗಂಟೆ ಓಡಿಸುತ್ತೇನೆ.

ಯಂತ್ರದ ಪಕ್ಕ ನೇತುಹಾಕಿರುವ ಪುಸ್ತಕದಲ್ಲಿ ಈವರೆಗೆ 17 ಗಂಟೆ ಓಡಿದ ಲೆಕ್ಕವಿದೆ. 20ಕ್ಕೆ ಮೊದಲ ಎಣ್ಣೆ ಬದಲಿಸಬೇಕೆಂದು ಕೈಪಿಡಿ ಹೇಳುತ್ತದೆ. ಎಣ್ಣೆಯ ಡಬ್ಬಿ, ಆಲಿಕೆ, ಹಳೆಯ ಎಣ್ಣೆ ಹಿಡಿಯಲು ಒಂದು ಬೋಗುಣಿ ಚಪ್ಪರದ ಕೆಳಗೆ ಸಿದ್ಧವಾಗಿವೆ.